ಚಳಿ ಹೋದ ಮೇಲೂ ಕೈಯಲ್ಲಿ ಕಡ್ಡಿ

ಕೇಳುಗರೆಲ್ಲರಿಗೂ ನಮಸ್ಕಾರ.

"ಚಳಿ ಹೋಯಿತಲ್ಲ, ಇನ್ನೂ ಹೆಣೀತಾ ಕೂತಿದ್ದೀರಾ?" ಮಾಗಿ ಕಳೆದು ಬಿಸಿಲು ಏರತೊಡಗಿದಾಗ ಪ್ರತಿವರ್ಷ ಯಾರಾದರೊಬ್ಬರು ನನ್ನನ್ನು ಹೀಗೆ ಕೇಳುತ್ತಾರೆ. ಕೇಳುವವರ ತಪ್ಪೇನೂ ಇಲ್ಲ. ಉಣ್ಣೆ ಅಂದರೆ ಚಳಿ, ಚಳಿ ಅಂದರೆ ಸ್ವೆಟರ್, ಚಳಿ ಹೋದರೆ ಕಡ್ಡಿಗೂ ರಜೆ ಎಂದು ಅವರ ಲೆಕ್ಕ. ಆದರೆ ಹೆಣೆಯುವವರ ಮನೆಯಲ್ಲಿ ಅತಿ ಹೆಚ್ಚು ಕೆಲಸ ಬೀಳುವುದು ಈ ಸಂಧಿಕಾಲದಲ್ಲೇ. ಚಳಿಗಾಲದಲ್ಲಿ ನಾವು ಹೆಣೆಯುತ್ತೇವೆ, ಅಷ್ಟೆ. ಹೆಣೆದದ್ದು ಹೇಗಿದೆ ಎಂದು ಗೊತ್ತಾಗುವುದು ಚಳಿ ಹೊರಟು ನಿಂತಾಗ.

ಈ ವರ್ಷ ನನ್ನ ಮಡಿಲಲ್ಲಿದ್ದದ್ದು ತಂಗಿಯ ಮಗಳ ಸ್ವೆಟರ್. ಕಡುನೀಲಿ ಬಣ್ಣ. ಮೈ ಮುಗಿದಿತ್ತು, ಒಂದು ತೋಳು ಮಣಿಕಟ್ಟಿನವರೆಗೆ ಬಂದಿತ್ತು, ಎರಡನೆಯ ತೋಳು ಮೊಣಕೈ ದಾಟಿತ್ತು. ಚಳಿಯ ಉದ್ದಕ್ಕೂ ಕೆಲಸವೆಲ್ಲ ನಡೆದದ್ದು ಸಂಜೆಯ ದೀಪದ ಕೆಳಗೆ. ಕಡುನೀಲಿ, ಕಪ್ಪು ಇವು ದೀಪದ ಬೆಳಕಿಗೆ ಗುಟ್ಟು ಬಿಟ್ಟುಕೊಡುವ ಬಣ್ಣಗಳಲ್ಲ. ಕಣ್ಣಿಗಿಂತ ಹೆಚ್ಚಾಗಿ ಬೆರಳನ್ನೇ ನಂಬಿ ಹೆಣೆಯಬೇಕು. ಸೀದಾ ಕುಣಿಕೆ ನುಣುಪಾಗಿ ಜಾರುತ್ತದೆ, ಉಲ್ಟಾ ಕುಣಿಕೆ ಬೆರಳಿಗೆ ಸಣ್ಣ ಗಂಟಿನಂತೆ ತಾಗುತ್ತದೆ. ಅಭ್ಯಾಸವಾದ ಕೈಗೆ ಅಷ್ಟು ಸಾಕು.

ಆಮೇಲೆ ಹಗಲು ಉದ್ದವಾಯಿತು. ಒಂದು ಸಂಜೆ ದೀಪ ಹಾಕುವ ಮುಂಚೆಯೇ, ಕಿಟಕಿಯ ಬೆಳಕಿನಲ್ಲಿ ತೋಳನ್ನು ಹರವಿದೆ. ಮೊಣಕೈಯ ಹತ್ತಿರ, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ, ನೀಲಿ ಎರಡಾಗಿತ್ತು. ಮೇಲಿನದು ಕೊಂಚ ನೇರಳೆಗೆ ವಾಲಿದ ನೀಲಿ, ಕೆಳಗಿನದು ಕೊಂಚ ಕಪ್ಪಿಗೆ ವಾಲಿದ್ದು. ಬುಟ್ಟಿಯ ತಳದಲ್ಲಿ ಹುಡುಕಿ ದಾರದ ಉಂಡೆಗೆ ಸುತ್ತಿದ್ದ ಎರಡು ಕಾಗದದ ಪಟ್ಟಿಗಳನ್ನು ತೆಗೆದು ನೋಡಿದೆ. ಬಣ್ಣದ ಸಂಖ್ಯೆ ಒಂದೇ, ಲಾಟ್ ಸಂಖ್ಯೆ ಮಾತ್ರ ಬೇರೆ. ಉಣ್ಣೆಯನ್ನು ಬಣ್ಣದ ತೊಟ್ಟಿಯಲ್ಲಿ ಅದ್ದುವಾಗ ಒಂದು ಸಲ ಅದ್ದಿದ್ದೆಲ್ಲ ಒಂದು ಲಾಟ್. ಮರುದಿನ ಅದೇ ಬಣ್ಣವನ್ನು ಅದೇ ಅಳತೆಯಲ್ಲಿ ಕಲಸಿದರೂ ನೀರು, ಶಾಖ, ಉಣ್ಣೆಯ ಗುಣ ಇವುಗಳಲ್ಲಿ ಎಳ್ಳಷ್ಟು ವ್ಯತ್ಯಾಸವಾದರೆ ಸಾಕು, ಛಾಯೆ ಬದಲಾಗುತ್ತದೆ. ಉಂಡೆಗಳನ್ನು ಅಕ್ಕಪಕ್ಕ ಇಟ್ಟರೆ ಗೊತ್ತಾಗುವುದಿಲ್ಲ. ಹೆಣೆದ ಬಟ್ಟೆಯಲ್ಲಿ ಎದ್ದು ಕಾಣುತ್ತದೆ.

ಬಿಚ್ಚಿದೆ. ಮೊಣಕೈವರೆಗಲ್ಲ, ಭುಜದವರೆಗೂ. ಬಿಚ್ಚುವ ಸದ್ದನ್ನು ನೀವು ಕೇಳಿದ್ದೀರೋ ಇಲ್ಲವೋ, ಸಣ್ಣಗೆ ಟಪಟಪ ಅನ್ನುತ್ತಾ ಕುಣಿಕೆಗಳು ಒಂದೊಂದಾಗಿ ಕಳಚುತ್ತವೆ. ಹತ್ತು ಸಂಜೆಗಳ ಕೆಲಸ ಕಾಲು ಗಂಟೆಯಲ್ಲಿ ಸುರುಳಿ ಸುರುಳಿ ದಾರವಾಗಿ ನೆಲದ ಮೇಲೆ ಬಿತ್ತು. ಆ ಗುಂಗುರು ದಾರವನ್ನು ಹಾಗೆಯೇ ಹೆಣೆದರೆ ಕುಣಿಕೆಗಳು ಒಂದೊಂದು ಒಂದೊಂದು ಗಾತ್ರಕ್ಕೆ ಬರುತ್ತವೆ. ಅದಕ್ಕೇ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಿನಲ್ಲಿ ನೆನೆಸಿ, ನೆರಳಲ್ಲಿ ತೂಗುಹಾಕಿದೆ. ಒಣಗಿದಾಗ ದಾರ ಮತ್ತೆ ನೇರವಾಗಿತ್ತು. ಉಣ್ಣೆಯ ಈ ಗುಣವನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ನೆನೆಸಿದರೆ ಹಳೆಯ ಆಕಾರವನ್ನು ಬಿಡುತ್ತದೆ, ಇನ್ನೊಂದಕ್ಕೆ ಒಗ್ಗಿಕೊಳ್ಳುತ್ತದೆ.

ಮತ್ತೆ ಹೆಣೆಯುವಾಗ ಎರಡು ಸಾಲು ಹಳೆಯ ಲಾಟಿನ ದಾರದಲ್ಲಿ, ಎರಡು ಸಾಲು ಹೊಸ ಲಾಟಿನದರಲ್ಲಿ, ಹೀಗೆ ಭುಜದಿಂದ ಮಣಿಕಟ್ಟಿನವರೆಗೂ. ಗೆರೆ ಮಾಯವಾಯಿತು. ಎರಡು ನೀಲಿಗಳು ಒಂದರೊಳಗೊಂದು ಬೆರೆತು ಮೂರನೆಯ ನೀಲಿಯಾದವು. ಅದು ಇನ್ನೊಂದು ತೋಳಿಗೆ ತೀರಾ ಹತ್ತಿರ.

ಇಷ್ಟರಲ್ಲಿ ಹವೆ ಬದಲಾಗಿತ್ತು. ಬೆಳಗಿನ ಹೊತ್ತು ಮಡಿಲಲ್ಲಿ ಉಣ್ಣೆ ಹಿತವಾಗಿರುತ್ತದೆ. ಮಧ್ಯಾಹ್ನಕ್ಕೆ ಅಂಗೈ ಬೆವರಿ, ದಾರ ಉಕ್ಕಿನ ಕಡ್ಡಿಗೆ ಅಂಟಿಕೊಂಡು ಮುಂದೆ ಸರಿಯುವುದೇ ಇಲ್ಲ. ಹಾಗಾಗಿ ಮಧ್ಯಾಹ್ನಗಳನ್ನು ಇನ್ನೊಂದು ಕೆಲಸಕ್ಕೆ ಕೊಟ್ಟೆ. ಮನೆಯಲ್ಲಿದ್ದ ಉಣ್ಣೆ ಬಟ್ಟೆಗಳನ್ನೆಲ್ಲ ಹೊರಗೆ ತೆಗೆದೆ.

ನಾನು ಮೊದಲು ಮಾಡುವುದು ಪ್ರತಿಯೊಂದನ್ನೂ ಕಿಟಕಿಗೆ ಅಡ್ಡ ಹಿಡಿದು ನೋಡುವುದು. ತೂತು ಬೀಳುವ ಮುಂಚೆ ಬಟ್ಟೆ ಸವೆಯುತ್ತದೆ. ಸವೆದ ಕಡೆ ಬೆಳಕು ಹೆಚ್ಚು ತೂರುತ್ತದೆ. ನನ್ನ ಒಂದು ಸ್ವೆಟರಿನ ಎಡ ಮೊಣಕೈ ಮಾತ್ರ ಹಾಗಾಗಿತ್ತು. ಬಲಗೈಯಲ್ಲಿ ಪುಸ್ತಕ ಹಿಡಿದು ಎಡ ಮೊಣಕೈಯನ್ನು ಮೇಜಿಗೆ ಊರಿ ಕೂರುವ ಅಭ್ಯಾಸ ನನಗಿದೆ ಎಂದು ಆ ತೋಳು ನೋಡುವವರೆಗೆ ನನಗೇ ಗೊತ್ತಿರಲಿಲ್ಲ. ಈ ಹಂತದಲ್ಲಿ ರಿಪೇರಿ ಸುಲಭ. ಮೊಂಡು ಮೂತಿಯ ಸೂಜಿಗೆ ಅದೇ ದಪ್ಪದ ದಾರ ಪೋಣಿಸಿ, ಹಳೆಯ ಕುಣಿಕೆ ಹೋದ ದಾರಿಯಲ್ಲೇ ಹೊಸ ದಾರವನ್ನು ಓಡಿಸುತ್ತಾ ಹೋಗಬೇಕು. ಸವೆದ ಜಾಗದ ಸುತ್ತ ಎರಡು ಬೆರಳಗಲ ಗಟ್ಟಿ ಬಟ್ಟೆಯನ್ನೂ ಸೇರಿಸಿಕೊಳ್ಳಬೇಕು, ಇಲ್ಲವಾದರೆ ಮುಂದಿನ ವರ್ಷ ರಿಪೇರಿಯ ಅಂಚೇ ಹರಿಯುತ್ತದೆ. ತೂತು ಬಿದ್ದ ಮೇಲಾದರೆ ನೇಯಬೇಕು. ಉದ್ದಕ್ಕೆ ಎಳೆಗಳನ್ನು ಹಾಸಿ, ಅಡ್ಡಕ್ಕೆ ಒಂದರ ಮೇಲೆ, ಇನ್ನೊಂದರ ಕೆಳಗೆ.

ಆಮೇಲೆ ಒಗೆಯುವುದು. ಇಲ್ಲಿ ನನಗೊಂದು ಹಳೆಯ ನೋವಿದೆ. ಹೆಣೆಯಲು ಕಲಿತ ಹೊಸದರಲ್ಲಿ ಅಪ್ಪನಿಗೊಂದು ಸ್ವೆಟರ್ ಹೆಣೆದುಕೊಟ್ಟಿದ್ದೆ. ಚಳಿಗಾಲ ಮುಗಿದಾಗ ಚೆನ್ನಾಗಿ ಶುಚಿಯಾಗಲಿ ಎಂದು ಬಿಸಿನೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ, ಉಜ್ಜಿ ಉಜ್ಜಿ ಒಗೆದೆ. ಉಣ್ಣೆಯ ಒಂದೊಂದು ಎಳೆಯ ಮೇಲೂ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ, ಹೆಂಚು ಹೊದಿಸಿದ ಹಾಗೆ. ಬಿಸಿ, ಸಾಬೂನು, ಉಜ್ಜಾಟ ಮೂರೂ ಸೇರಿದರೆ ಆ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮತ್ತೆ ಬಿಡುವುದಿಲ್ಲ. ನೀರಿನಿಂದ ತೆಗೆದಾಗ ನನ್ನ ಕೈಯಲ್ಲಿದ್ದದ್ದು ಕಂಬಳಿಯಂತೆ ದಪ್ಪವಾದ, ಚಿಕ್ಕ ಮಗುವಿಗಾಗುವಷ್ಟು ಅಂಗಿ. ಅಪ್ಪ ಏನೂ ಅನ್ನಲಿಲ್ಲ. ಹೀಗೆ ಗಟ್ಟಿಯಾದ ಉಣ್ಣೆಯನ್ನು ಕತ್ತರಿಸಿದರೂ ಬಿಚ್ಚಿಕೊಳ್ಳುವುದಿಲ್ಲ. ಅದನ್ನು ಚೌಕವಾಗಿ ಕತ್ತರಿಸಿಕೊಂಡು ತನ್ನ ಕುರ್ಚಿಗೆ ಹಾಸಿಕೊಂಡ, ಕೊನೆಯವರೆಗೂ ಅದರ ಮೇಲೆಯೇ ಕೂತ.

ಈಗ ಉಗುರುಬೆಚ್ಚಗಿನ ನೀರು, ಮೃದುವಾದ ಸೋಪು, ಅರ್ಧ ಗಂಟೆ ಸುಮ್ಮನೆ ನೆನೆಸುವುದು. ಉಜ್ಜುವಂತಿಲ್ಲ, ಹಿಂಡುವಂತಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಪೂರ್ತಿ ನೆನೆದ ಸ್ವೆಟರ್ ಎಷ್ಟು ಭಾರ ಇರುತ್ತದೆ ಎಂದು ಎತ್ತಿ ನೋಡಿದವರಿಗೇ ಗೊತ್ತು. ಅದನ್ನು ಹಗ್ಗಕ್ಕೆ ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಜಗ್ಗಿ ಮೊಣಕಾಲು ಮುಟ್ಟುತ್ತದೆ. ಟವೆಲಿನಲ್ಲಿ ಸುತ್ತಿ, ಒತ್ತಿ ನೀರು ತೆಗೆದು, ನೆಲದ ಮೇಲೆ ಇನ್ನೊಂದು ಒಣ ಟವೆಲ್ ಹಾಸಿ ಮಲಗಿಸಬೇಕು. ತೋಳು, ಎದೆ, ಉದ್ದ ಎಲ್ಲ ಅಳತೆಗೆ ಸರಿಯಾಗಿ ಸವರಿ ಬಿಡಬೇಕು.

ಚೆನ್ನಾಗಿ ಒಣಗಿದ ಮೇಲೆಯೇ ಪೆಟ್ಟಿಗೆಗೆ. ಉಣ್ಣೆಗೆ ತೂತು ಮಾಡುವುದು ಹಾರಾಡುವ ಪತಂಗವಲ್ಲ, ಅದಕ್ಕೆ ಆಹಾರವೇ ಬೇಡ. ತಿನ್ನುವುದು ಅದರ ಮರಿಹುಳು. ಬೆವರು, ಕಲೆ ಇರುವ ಜಾಗ ಅದಕ್ಕೆ ಇನ್ನೂ ಇಷ್ಟ. ಅದಕ್ಕೇ ಮಾಸಿದ ಸ್ವೆಟರನ್ನು ಮಡಚಿಡುವುದು ಎಂದರೆ ಹುಳುವನ್ನು ಕರೆದ ಹಾಗೆ. ಹುಳು ಬಿದ್ದಿದೆ ಎಂಬ ಅನುಮಾನ ಬಂದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುತ್ತೇನೆ. ಮೊಟ್ಟೆಯೂ ಉಳಿಯುವುದಿಲ್ಲ.

ಇನ್ನು ಹತ್ತಿ. ಬಿಸಿಲು ಬಂದ ಮೇಲೆ ನನ್ನ ಬುಟ್ಟಿಗೆ ಹತ್ತಿ ದಾರ ಬರುತ್ತದೆ. ಹೆಣಿಗೆ ಚಳಿನಾಡಿನವರ ವಿದ್ಯೆ ಎನ್ನುವವರಿಗೆ ನಾನು ಒಂದು ಮಾತು ಹೇಳುತ್ತೇನೆ. ಕಡ್ಡಿಯ ಹೆಣಿಗೆಯಲ್ಲಿ ನಮಗೆ ಉಳಿದು ಬಂದಿರುವ ಅತಿ ಹಳೆಯ ವಸ್ತುಗಳಲ್ಲಿ ಈಜಿಪ್ಟಿನಲ್ಲಿ ಸಿಕ್ಕ ಕಾಲುಚೀಲಗಳು ಸೇರಿವೆ. ಸುಮಾರು 11ರಿಂದ 14ನೇ ಶತಮಾನದ ನಡುವಿನವು. ಅವು ಹೆಣೆದಿರುವುದು ಹತ್ತಿಯಲ್ಲಿ, ನೀಲಿ ಬಿಳಿ ಚಿತ್ತಾರದಲ್ಲಿ. ಮರಳುನಾಡಿನ ಕೈಗಳ ಕೆಲಸ ಅದು.

ಆದರೆ ಉಣ್ಣೆಗೆ ಪಳಗಿದ ಕೈ ಹತ್ತಿಗೆ ತಕ್ಷಣ ಹೊಂದುವುದಿಲ್ಲ. ಉಣ್ಣೆ ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ಹತ್ತಿಗೆ ಆ ಎಳೆತವಿಲ್ಲ, ಮೊದಲ ವಾರ ಮಣಿಕಟ್ಟು ನೋಯುತ್ತದೆ. ಅಳತೆಯೂ ತಪ್ಪುತ್ತದೆ. ಅದಕ್ಕೇ ಒಂದು ಅಂಗೈಯಗಲದ ತುಂಡು ಹೆಣೆದು, ಒಗೆದು, ಒಣಗಿಸಿ, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಎಂದು ಎಣಿಸುತ್ತೇನೆ. 22 ಇರಬೇಕಾದ ಕಡೆ 20 ಬಂದರೆ ಎರಡೇ ತಾನೆ ಎನ್ನಿಸುತ್ತದೆ. 220 ಕುಣಿಕೆಯ ಅಂಗಿಯಲ್ಲಿ ಆ ಎರಡು ಬೆಳೆದು, 100 ಸೆಂಟಿಮೀಟರಿನ ಎದೆಸುತ್ತು 110 ಆಗಿ ಕೂರುತ್ತದೆ.

ನೀಲಿ ಸ್ವೆಟರಿಗೆ ಮರಳುತ್ತೇನೆ. ಎರಡನೆಯ ತೋಳು ಮಣಿಕಟ್ಟಿಗೆ ಬಂದ ದಿನ ಮನೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಉಳಿದದ್ದು ತುದಿಯ ಬಾರ್ಡರ್ ಮಾತ್ರ, ಎರಡು ಸೀದಾ ಎರಡು ಉಲ್ಟಾ. ಒಂದು ಸಂಜೆಯ ಕೆಲಸ. ಹುಡುಗಿಯನ್ನು ಕರೆದು ತೊಡಿಸಿ ನೋಡಿದೆ. ಸರಿಯಾಗಿ ಕೂತಿತು. ಆದರೆ ಅವಳು ಬೆಳೆಯುವ ವಯಸ್ಸಿನಲ್ಲಿದ್ದಾಳೆ, ಇದನ್ನು ಹಾಕಿಕೊಳ್ಳುವುದು ಮುಂದಿನ ಚಳಿಗೆ. "ಮುಗಿಸಲ್ವಾ ದೊಡ್ಡಮ್ಮಾ?" ಎಂದು ಕೇಳಿದಳು. ಅವಳ ತೋಳನ್ನು ಅಳೆದು ಚೀಟಿಯಲ್ಲಿ ಬರೆದುಕೊಂಡೆ. ಎರಡೂ ತೋಳಿನ ತುದಿಯ ಕುಣಿಕೆಗಳನ್ನು ಮುಚ್ಚದೆ, ಬಿಚ್ಚಿಹೋಗದ ಹಾಗೆ ಬಿಳಿಯ ಹತ್ತಿ ದಾರಕ್ಕೆ ಪೋಣಿಸಿದೆ. ಒಗೆದು ಒಣಗಿಸಿ, ಉಳಿದ ಹೊಸ ಲಾಟಿನ ಉಂಡೆಯನ್ನೂ ಚೀಟಿಯನ್ನೂ ಜೊತೆಗಿಟ್ಟು ಪೆಟ್ಟಿಗೆ ಮುಚ್ಚಿದೆ. ಬಾರ್ಡರಿನ ಏರುತಗ್ಗಿನಲ್ಲಿ ಬಣ್ಣದ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಎಷ್ಟು ಉದ್ದ ಹೆಣೆಯಬೇಕೆಂದು ಮುಂದಿನ ಮಾಗಿಯಲ್ಲಿ ಅವಳ ಕೈ ಅಳೆದೇ ಹೇಳಬೇಕು.

ನಮಸ್ಕಾರ.