ಬೀರು, ಬೀಗ, ಬಾರ್‌ಕೋಡ್

ನಮಸ್ಕಾರ್ರೀ. ಪರದೆ ಮೇಲೆ ಕಾಣ್ತಿರೋ ಈ ಕಬ್ಬಿಣದ ಬೀರು ನಿಮಗೆ ಹೊಸದೇನಲ್ಲ. ಜಗಳೂರಿಂದ ಹೊಸದುರ್ಗದವರೆಗೆ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಲೈಬ್ರರಿ ಅಂದ್ರೆ ಹೆಡ್‌ಮಾಸ್ಟರ್ ರೂಮಿನ ಇಂಥದ್ದೇ ಒಂದು ಬೀರು. ಒಳಗೆ ಪುಸ್ತಕ, ಹೊರಗೆ ಬೀಗ. ಲೈಬ್ರರಿಯನ್ ಹುದ್ದೆ ಇರಲ್ಲ, ಕನ್ನಡ ಮೇಷ್ಟ್ರಿಗೋ ಸಮಾಜದ ಮೇಡಂಗೋ ಉಸ್ತುವಾರಿ. ಇವತ್ತಿನ ಮಾತು ಅವರ ಜೊತೆ. ಕಡಿಮೆ ಖರ್ಚಲ್ಲಿ ಆ ಬೀಗ ತೆಗೆಯೋದು ಹೇಗೆ, ಆಮೇಲೆ ಅದೇ ಲೆಕ್ಕ ಹಿಡಿದು ದುಡ್ಡು ಕೇಳೋದು ಹೇಗೆ.

ಬೀಗ ಬಿದ್ದಿರೋದು ಭಯಕ್ಕೆ. ಪುಸ್ತಕ ಕಳೆದ್ರೆ ನಮ್ಮ ಕೈಯಿಂದ ಕಟ್ಟಬೇಕಾಗುತ್ತೆ ಅನ್ನೋ ಭಯ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017 ಅಂತ ಇದೆ. ಅದರ 215ನೇ ನಿಯಮ ಓದಿ ನೋಡ್ರಿ. ವರ್ಷದಲ್ಲಿ ಓದೋಕೆ ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದ್ರೆ ಅದು ಸಹಜ ನಷ್ಟ. ಮೋಸ, ನಿರ್ಲಕ್ಷ್ಯ ಇರಬಾರದು ಅಷ್ಟೇ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಹೋದ್ರೆ ಮಾತ್ರ ವಿಚಾರಣೆ ಆಗ್ಲೇಬೇಕು. ಇದು ಕೇಂದ್ರದ್ದು, ರಾಜ್ಯದ ಶಾಲೆಗೆ ನೇರವಾಗಿ ಅನ್ವಯ ಆಗಲ್ಲ. ಆದ್ರೂ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಸಭೇಲಿ ಇದನ್ನ ಓದಿ, ಇದೇ ಪ್ರಮಾಣ ನಮಗೂ ಇರಲಿ ಅಂತ ನಡಾವಳಿ ಬರೆಸಿಟ್ರೆ ಉಸ್ತುವಾರಿಯವರಿಗೆ ಎಷ್ಟೋ ಧೈರ್ಯ. ಒಂದು ವಿಷಯ ಗಮನಿಸ್ರಿ: ಲೆಕ್ಕ ಹಾಕೋದು ಕೊಟ್ಟ ಪುಸ್ತಕದ ಮೇಲೆ, ಇರೋ ಪುಸ್ತಕದ ಮೇಲಲ್ಲ. ಎಷ್ಟು ಕೊಟ್ವಿ ಅಂತ ದಾಖಲೆ ಇಲ್ಲದಿದ್ರೆ ಆ ಐದೂ ಇಲ್ಲ.

ದಾಖಲೆ ಯಾಕೆ ಇರಲ್ಲ? ಟೈಮ್ ಸಾಲಲ್ಲ. 40 ಮಕ್ಕಳ ಕ್ಲಾಸು, 40 ನಿಮಿಷದ ಪೀರಿಯಡ್. ರಿಜಿಸ್ಟರಲ್ಲಿ ಹೆಸರು, ಪುಸ್ತಕದ ನಂಬರು, ತಾರೀಖು, ಸಹಿ ಅಂತ ಒಂದು ಮಗುಗೆ ಒಂದು ನಿಮಿಷ ಹಿಡಿದ್ರೂ ಪೀರಿಯಡ್ ಮುಗೀತು. ಓದೋದು ಯಾವಾಗ? ಪುಸ್ತಕಕ್ಕೂ ಮಗುವಿನ ಕಾರ್ಡಿಗೂ ಬಾರ್‌ಕೋಡ್ ಇದ್ರೆ ಸ್ಕ್ಯಾನರಲ್ಲಿ ಕಾರ್ಡಿಗೊಂದು ಬೀಪ್, ಪುಸ್ತಕಕ್ಕೊಂದು ಬೀಪ್, ಹತ್ತು ಸೆಕೆಂಡು. ನಲವತ್ತೂ ಮಕ್ಕಳದ್ದು ಏಳು ನಿಮಿಷದೊಳಗೆ.

ವೈರ್ ಇರೋ ಸಾದಾ ಸ್ಕ್ಯಾನರ್ ಸಾಕು, ಸಾವಿರದಿಂದ ಎರಡು ಸಾವಿರದ ಆಸುಪಾಸು. ಕಂಪ್ಯೂಟರ್ ಕಣ್ಣಿಗೆ ಅದು ಬರೀ ಒಂದು ಕೀಬೋರ್ಡ್: ನಂಬರ್ ಟೈಪ್ ಮಾಡಿ ಎಂಟರ್ ಒತ್ತುತ್ತೆ, ಅಷ್ಟೇ ಅದರ ಕೆಲಸ. ಲ್ಯಾಬ್ ಕಂಪ್ಯೂಟರ್ ಕೆಟ್ಟಿದ್ರೆ ಒಟಿಜಿ ಕೇಬಲ್ ಹಾಕಿ ಮೊಬೈಲಿಗೂ ಸಿಕ್ಕಿಸಬಹುದು.

ಈಗ ಬಾರ್‌ಕೋಡ್ ಸ್ಟಿಕ್ಕರ್. ಎ4 ಹಾಳೇಲಿ 65 ಲೇಬಲ್ ಬರೋದು ತಗೊಳ್ರಿ. 1,200 ಪುಸ್ತಕಕ್ಕೆ 19 ಹಾಳೆ. ಹಾಳಾಗೋದು ಸೇರಿ 22 ಇಟ್ಕೊಳ್ರಿ. ಪ್ರಿಂಟ್ ಕೊಡುವಾಗ ಅಳತೆ ನೂರಕ್ಕೆ ನೂರು ಇರಬೇಕು. 'ಪುಟಕ್ಕೆ ಹೊಂದಿಸು' ಅನ್ನೋದು ಆನ್ ಇದ್ರೆ ಸಾಲಿಂದ ಸಾಲಿಗೆ ಚೂರುಚೂರೇ ಸರಿದು, ಕೊನೇ ಸಾಲಿನ ಗೆರೆ ಎರಡು ಸ್ಟಿಕ್ಕರ್ ಮೇಲೆ ಹರಿದು ಹೋಗಿರುತ್ತೆ. ಮೊದಲು ಬಿಳಿ ಹಾಳೆ ಮೇಲೆ ತೆಗೆದು, ಸ್ಟಿಕ್ಕರ್ ಹಾಳೆ ಹಿಂದೆ ಹಿಡಿದು ಬೆಳಕಿಗೆ ಒಡ್ಡಿ ನೋಡ್ರಿ. ಲೇಸರ್ ಪ್ರಿಂಟರೇ ಬೇಕು. ಇಂಕ್‌ಜೆಟ್ ಮಸಿ ಮಕ್ಕಳ ಬೆವರು ಕೈಗೆ ಕಲಸಿಹೋಗುತ್ತೆ. ಗೆರೆಗಳ ಎಡಬಲ ಖಾಲಿ ಜಾಗ ಬಿಡ್ರಿ, ಇಲ್ಲಾಂದ್ರೆ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಸ್ಕ್ಯಾನರಿಗೆ ಗೊತ್ತಾಗಲ್ಲ. ಮೇಲೆ ಹೊಳೆಯೋ ಟೇಪ್ ಹಚ್ಚಿದ್ರೆ ಬೆಳಕು ವಾಪಸ್ ಹೊಡೆದು ಓದೋದೇ ಇಲ್ಲ.

ನಂಬರ್ 10001ರಿಂದ ಶುರು ಮಾಡ್ರಿ. 00001 ಅಂತ ಕೊಟ್ರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನ ನುಂಗಿಹಾಕುತ್ತೆ, ಆಮೇಲೆ ಪುಸ್ತಕ ಸಿಗ್ತಿಲ್ಲ ಅಂತ ಪರದಾಟ. ಅಕ್ಷರ ಬೆರೆಸಲೇಬೇಡಿ. ಕನ್ನಡ ಟೈಪ್ ಮಾಡೋ ನುಡಿ ತಂತ್ರಾಂಶ ಕನ್ನಡ ಮೋಡ್‌ನಲ್ಲಿದ್ದಾಗ ಸ್ಕ್ಯಾನರ್ 'ಡಿ' ಒತ್ತಿದ್ರೆ ಪರದೆ ಮೇಲೆ ಬೀಳೋದು ಕನ್ನಡ ಅಕ್ಷರ. ಕೀಬೋರ್ಡ್ ಅಂದ್ನಲ್ಲ, ಅದಕ್ಕೇ.

ಎಕ್ಸೆಲ್ಲಲ್ಲಿ ಮೂರು ಶೀಟ್: ಪುಸ್ತಕ, ಮಕ್ಕಳು, ಕೊಟ್ಟಿದ್ದು-ಬಂದಿದ್ದು. ಎರಡು-ಮೂರು ಸಾವಿರ ಪುಸ್ತಕದವರೆಗೆ ಇದು ಧಾರಾಳ ಸಾಕು. ಅದಕ್ಕೂ ಮೀರಿದ್ರೆ ಲೈಬ್ರರಿ ಲೆಕ್ಕ ಇಡೋ ಕೋಹಾ ಇದೆ. ನ್ಯೂಜಿಲೆಂಡ್‌ನ ಒಂದು ಸಣ್ಣ ಲೈಬ್ರರಿಗೆ ಅಂತ 1999ರಲ್ಲಿ ಹುಟ್ಟಿದ ತಂತ್ರಾಂಶ, ಮಾವೋರಿ ಭಾಷೇಲಿ ಆ ಪದಕ್ಕೆ ಕೊಡುಗೆ ಅಂತ ಅರ್ಥ, ದುಡ್ಡಿಲ್ಲ. ಆದ್ರೆ ಲಿನಕ್ಸ್ ಗೊತ್ತಿರೋ ಒಬ್ಬರು ಕೈಗೆ ಸಿಗೋ ಹಾಗಿದ್ರೆ ಮಾತ್ರ ಹಾಕ್ಕೊಳ್ರಿ. ಹಾಕಿಕೊಟ್ಟ ಮೇಷ್ಟ್ರು ವರ್ಗ ಆಗಿ ಹೋದ ಮೇಲೆ ಪಾಸ್‌ವರ್ಡ್ ಹುಡುಕೋ ಪಾಡು ಬೇಡ. ಸರ್ಕಾರದ ಎನ್‌ಐಸಿಯವರ ಇ-ಗ್ರಂಥಾಲಯ ತಂತ್ರಾಂಶವೂ ಒಂದು ದಾರಿ.

ಹಳೇ ಪಟ್ಟಿ ಮೊದಲೇ ಕಂಪ್ಯೂಟರಲ್ಲಿ ಇದ್ರೆ ಒಂದು ತೊಡಕು. ಹಳೇ ನುಡಿ, ಬರಹದಲ್ಲಿ ಟೈಪಾಗಿದ್ರೆ ಅದು ಯೂನಿಕೋಡ್, ಅಂದ್ರೆ ಎಲ್ಲಾ ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ಸಂಕೇತ, ಅಲ್ಲ. ಫಾಂಟ್ ಬದಲಾದ ಕೂಡ್ಲೇ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪರಿವರ್ತಕದಲ್ಲಿ ಹಾಕಿ ಬದಲಿಸಿ, ಆಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರ ಇರೋ ಪದಗಳನ್ನ ಕಣ್ಣಲ್ಲೇ ನೋಡ್ರಿ, ತಪ್ಪು ಕೂತಿರೋದು ಅಲ್ಲೇ. ಲೇಖಕರ ಹೆಸರಿಗೂ ಒಂದೇ ರೂಪ ಗಟ್ಟಿ ಮಾಡ್ರಿ. ನಮ್ಮ ದುರ್ಗದ ತರಾಸು ಅವರದ್ದೇ ತಗೊಳ್ರಿ: ಒಂದು ಕಡೆ ತರಾಸು, ಇನ್ನೊಂದು ಕಡೆ ತ.ರಾ.ಸು., ಮತ್ತೊಂದು ಕಡೆ ತ.ರಾ. ಸುಬ್ಬರಾವ್. ಕಂಪ್ಯೂಟರಿಗೆ ಅವರು ಮೂರು ಜನ.

ಪುಸ್ತಕಗಳನ್ನ ವಿಷಯದ ಪ್ರಕಾರ ನಂಬರ್ ಹಾಕಿ ವಿಂಗಡಿಸೋ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಕಾದಂಬರಿಗೆ 894.8143. ಕೇಳೋಕೆ ಚೆಂದ. ಐದನೇ ಕ್ಲಾಸಿನ ಹುಡುಗಂಗೆ ಬೆನ್ನಿಗೆ ಹಚ್ಚಿದ ಹಸಿರು ಟೇಪು ಕಥೆ, ಹಳದಿ ವಿಜ್ಞಾನ ಅಂದ್ರೆ ಸಾಕು.

ಪುಸ್ತಕ ಸಾಲದಿದ್ರೆ ಸ್ಟೋರಿವೀವರ್ ತಾಣದ ಕನ್ನಡ ಕಥೆಗಳಿವೆ. ಮುಕ್ತ ಪರವಾನಗಿ, ಹಾಗಾಗಿ ಪಿಡಿಎಫ್ ಇಳಿಸಿ ಪ್ರಿಂಟ್ ಹಾಕಿಸಬಹುದು; ಬರೆದವರ, ಚಿತ್ರ ಬಿಡಿಸಿದವರ ಹೆಸರಿರೋ ಪುಟ ಮಾತ್ರ ಕೀಳಬಾರದು. ನೆಟ್ ಇಲ್ಲದ ಊರಲ್ಲಿ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರಿಗೆ, ನೆಟ್ ಇಲ್ಲದೆ ಓದಿಸೋ ಕಿವಿಕ್ಸ್ ತಂತ್ರಾಂಶ ಹಾಕಿ ಕನ್ನಡ ವಿಕಿಪೀಡಿಯಾ ಇಡಬಹುದು. ಅದಕ್ಕೆ 5 ವೋಲ್ಟ್ 3 ಆಂಪಿಯರ್ ಅಡಾಪ್ಟರೇ ಬೇಕು, ಹಳೇ ಫೋನ್ ಚಾರ್ಜರ್ ಹಾಕಿದ್ರೆ ಮಧ್ಯೆ ಮಧ್ಯೆ ಕೈಕೊಡುತ್ತೆ. ನಮ್ಮ ಕಡೆ ಬೇಸಿಗೇಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಪೈ ತನ್ನ ಎಸ್‌ಡಿ ಕಾರ್ಡಿಗೆ ಬರೀತಿರುವಾಗ ಹೋದ್ರೆ ಆ ಕಾರ್ಡ್ ಕೆಡಬಹುದು. ಇನ್ನೊಂದು ಕಾರ್ಡಿಗೆ ನಕಲು ಮಾಡಿ ಬೀರುನಲ್ಲಿಡ್ರಿ.

ಇನ್ನು ದುಡ್ಡು. ನಾಲ್ಕು ತಿಂಗಳ ಲೆಕ್ಕ ಕೈಗೆ ಬರೋವರೆಗೂ ಕೇಳ್ಬೇಡಿ. 'ನಮ್ಮ ಶಾಲೆಗೆ ಪುಸ್ತಕ ಬೇಕು' ಅಂತ ಬರೆದ ಅರ್ಜಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಕಡತದಲ್ಲಿ ನೂರು ಇರ್ತವೆ. 'ಏಳನೇ ತರಗತಿಯ 38 ಮಕ್ಕಳು ನಾಲ್ಕು ತಿಂಗಳಲ್ಲಿ 412 ಸಲ ಪುಸ್ತಕ ಒಯ್ದಿದ್ದಾರೆ, ಕೇಳಿ ಸಿಗದೇ ಹೋದವು 60, ಪಟ್ಟಿ ಲಗತ್ತಿಸಿದೆ' ಅಂತ ನಿಮ್ಮ ಅಂಕಿ ಹಾಕಿ ಬರೀರಿ. ಆ 60 ಸಿಗಬೇಕಂದ್ರೆ ಸ್ಕ್ಯಾನರ್ ಪಕ್ಕ ಒಂದು ನೋಟ್‌ಬುಕ್ ಇರಬೇಕು; ಮಕ್ಕಳು ಕೇಳಿದ್ದು ಇಲ್ಲಾಂದಾಗ ಅದರಲ್ಲಿ ಅವರೇ ಬರೀಲಿ.

ಕೇಳೋಕೆ ಹಕ್ಕೂ ಇದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಲ್ಲೇ ಪ್ರತಿ ಶಾಲೇಲಿ ಲೈಬ್ರರಿ ಇರಬೇಕು, ಪತ್ರಿಕೆ, ಎಲ್ಲಾ ವಿಷಯದ ಪುಸ್ತಕ, ಕಥೆ ಪುಸ್ತಕ ಸಮೇತ ಅಂತಿದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಲೈಬ್ರರಿ ಅನುದಾನ ಇದೆ. ಪುಸ್ತಕಕ್ಕೆ ಸರಾಸರಿ 100 ರೂಪಾಯಿ ಹಿಡಿದ್ರೆ ಐದು ಸಾವಿರಕ್ಕೆ ಐವತ್ತೇ ಪುಸ್ತಕ, ಅದಕ್ಕೇ ಆ 60ರ ಪಟ್ಟಿ ಮುಖ್ಯ. ಆಸ್ತಿ ತೆರಿಗೆ ಜೊತೆ ವಸೂಲಿ ಮಾಡೋ ಶೇಕಡ 6ರ ಗ್ರಂಥಾಲಯ ಕರ ಶಾಲೆಗೂ ಬರುತ್ತೆ ಅಂತ ಕೆಲವರು ತಿಳಿದಿದ್ದಾರೆ. ಬರಲ್ಲ, ಅದು ಸಾರ್ವಜನಿಕ ಗ್ರಂಥಾಲಯಗಳದ್ದು.

ಚಿತ್ರದುರ್ಗ ಜಿಲ್ಲೆಯವರಿಗೆ ಇನ್ನೊಂದು ಬಾಗಿಲಿದೆ, ಹೆಚ್ಚಿನವರು ತಟ್ಟಲ್ಲ. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆ ಕಬ್ಬಿಣದ ಅದಿರು ಗಣಿ ಇವೆಯಲ್ಲ, ಅದರಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ದುಡ್ಡು ಸೇರುತ್ತೆ. ಗಣಿ ಬಾಧಿತ ಊರುಗಳಲ್ಲಿ ಖರ್ಚು ಮಾಡೋಕೆ ಇರೋ ಆದ್ಯತೆಗಳಲ್ಲಿ ಶಿಕ್ಷಣ ಒಂದು. ಮಾರ್ಗಸೂಚಿಯಲ್ಲಿ ಶಾಲಾ ಲೈಬ್ರರಿಯ ಹೆಸರೇ ಇದೆ. ಎಸ್‌ಡಿಎಂಸಿ ನಡಾವಳಿ, ಗ್ರಾಮಸಭೆ ನಿರ್ಣಯ, ನಿಮ್ಮ ನಾಲ್ಕು ತಿಂಗಳ ಲೆಕ್ಕ, ಮೂರನ್ನೂ ಒಟ್ಟಿಗೆ ಪಿನ್ ಮಾಡಿ ಜಿಲ್ಲಾಧಿಕಾರಿ ಕಚೇರಿಗೆ ಕೊಡ್ರಿ. ಕಪಾಟು, ಕೊಠಡಿಯಂಥ ದೊಡ್ಡ ಖರ್ಚನ್ನ ಅಲ್ಲಿ ಕೇಳ್ರಿ.

ದುಡ್ಡು ಬಂದ ಮೇಲೆ ಬಿಲ್ ನೋಡ್ರಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅಂಗಡಿಯವರು ಹಾಕಿದ್ರೆ ತೆಗೆಸ್ರಿ. ಸ್ಕ್ಯಾನರಿಗೆ ಶೇಕಡ 18 ಇದೆ. ಪುಸ್ತಕದ ಅನುದಾನದಲ್ಲಿ ಸ್ಕ್ಯಾನರ್ ಕೊಂಡ್ರೆ ಆಡಿಟ್‌ನವರು ಆಕ್ಷೇಪಣೆ ಬರೀತಾರೆ. ಅದನ್ನ ದಾನಿಗಳ ದುಡ್ಡಲ್ಲಿ ತಗೊಂಡು, ಬಿಲ್ಲೂ ಬೇರೆ, ದಾಸ್ತಾನು ವಹಿಯ ಪುಟವೂ ಬೇರೆ ಮಾಡ್ರಿ.