ಮೊದಲು ಎಲ್ಲಿ ಕೆರೆದುಕೊಳ್ಳುತ್ತದೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ರಾತ್ರಿ ಎರಡು ಗಂಟೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಪಡಸಾಲೆಯಿಂದ ಒಂದು ಸದ್ದು. ಟಪ್ ಟಪ್ ಟಪ್ ಟಪ್. ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ಮತ್ತೆ ಟಪ್ ಟಪ್. ನಾಯಿ ಸಾಕಿದವರಿಗೆ ಇದೇನು ಅಂತ ಹೇಳಬೇಕಾಗಿಲ್ಲ. ಹಿಂಗಾಲು ಎತ್ತಿ ಕಿವಿಯ ಹಿಂದೆ ಕೆರೆದುಕೊಳ್ಳುವಾಗ ಕಾಲಿನ ಗಂಟು ನೆಲಕ್ಕೆ ಬಡಿಯುವ ಸದ್ದು ಅದು. ಬೆಳಗ್ಗೆ ಎದ್ದು ನೋಡಿದರೆ ಅದು ಮಲಗಿದ್ದ ಜಾಗದಲ್ಲಿ ಕೊಬ್ಬರಿ ತುರಿ ಉದುರಿದ ಹಾಗೆ ಬಿಳಿ ಬಿಳಿ ಹೊಟ್ಟು.

ನಾನು ಪಶುವೈದ್ಯ. ಈ ದೂರು ಕೇಳದ ವಾರವೇ ಇಲ್ಲ. ಆದರೆ ಇವತ್ತು ಆಸ್ಪತ್ರೆಯ ಕಥೆಗಿಂತ ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ವೈದ್ಯರ ಮನೆಯಲ್ಲೇ ಆದ ಎಡವಟ್ಟು ಇದು.

ಊರಲ್ಲಿ ಅಮ್ಮನ ಜೊತೆ ಕರಿಯ ಅಂತ ಒಂದು ನಾಯಿ ಇತ್ತು. ಹೆಸರಿಗೆ ತಕ್ಕ ಹಾಗೆ ಅಪ್ಪಟ ಕಪ್ಪು. ಕಪ್ಪು ನಾಯಿಯ ಮೈಯಲ್ಲಿ ಹೊಟ್ಟು ಬಂದರೆ ಮುಚ್ಚಿಡೋಕಾಗುತ್ತಾ? ಅಮ್ಮ ನೋಡಿದರು. ತಲೆಹೊಟ್ಟಿಗೆ ಅಂತ ತಾವು ಹಾಕಿಕೊಳ್ಳುವ ಶಾಂಪೂವನ್ನೇ ತೆಗೆದು ಅದಕ್ಕೂ ಹಾಕಿ, ವಾರಕ್ಕೆರಡು ಸಲ ಬಿಸಿನೀರು ಹುಯ್ದು ತಿಕ್ಕಿದರು. ಹೊಟ್ಟು ಕಡಿಮೆ ಆಗಲಿಲ್ಲ, ಜಾಸ್ತಿಯಾಯಿತು. ಪಕ್ಕದ ಮನೆಯವರು "ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚಿ" ಅಂದರು. ಅದನ್ನೂ ಹಚ್ಚಿದರು. ಕರಿಯ ಸುಮ್ನಿರುತ್ತದಾ? ಮೈಯೆಲ್ಲ ನೆಕ್ಕಿ ಎರಡು ಸಲ ವಾಂತಿ ಮಾಡಿಕೊಂಡಿತು. ಆಗ ನನಗೆ ಫೋನ್ ಬಂತು.

ಅಮ್ಮನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಹೊಟ್ಟಿಗೆ ಹೊಟ್ಟಿನ ಔಷಧ, ಅಷ್ಟೇ ತಾನೇ? ಆದರೆ ನಾಯಿಯ ಚರ್ಮ ನಮ್ಮದರ ಹಾಗಲ್ಲ. ನಮ್ಮ ಹೊರಚರ್ಮದಲ್ಲಿ ಜೀವಕೋಶಗಳ ಪದರ ಹತ್ತರಿಂದ ಹದಿನೈದು ಇದ್ದರೆ, ನಾಯಿಗೆ ಮೂರರಿಂದ ಐದು. ಅಷ್ಟೂ ಕೂದಲಿನ ಕೆಳಗೆ ಇರುವುದು ಅಷ್ಟು ತೆಳು ಚರ್ಮ. ನಮ್ಮ ಚರ್ಮಕ್ಕೆ ಸ್ವಲ್ಪ ಹುಳಿ ಗುಣ ಇದೆ, ನಾಯಿಯದು ಹೆಚ್ಚುಕಡಿಮೆ ಸಪ್ಪೆ. ನಮ್ಮ ತಲೆಗೆ ಅಂತ ಮಾಡಿದ ಶಾಂಪೂ ಹಾಕಿದರೆ ಅದರ ಮೈಯ ಜಿಡ್ಡೆಲ್ಲ ತೊಳೆದು ಹೋಗುತ್ತದೆ. ಚರ್ಮ ಒಣಗುತ್ತದೆ, ಒಣಗಿದ ಚರ್ಮ ಉದುರುತ್ತದೆ. ಸೋಪು, ಸೀಗೆಪುಡಿ, ಪಾತ್ರೆ ತೊಳೆಯುವ ದ್ರಾವಣ ಎಲ್ಲದರ ಕಥೆಯೂ ಅದೇ. ಇನ್ನು ಕರ್ಪೂರ ನಾಯಿಗೆ ವಿಷ. ಹೊಟ್ಟೆಗೆ ಜಾಸ್ತಿ ಹೋದರೆ ಫಿಟ್ಸ್ ಬರಬಹುದು. ಕರಿಯ ವಾಂತಿಯಲ್ಲೇ ಪಾರಾಗಿದ್ದು ಅದರ ಪುಣ್ಯ.

ಊರಿಗೆ ಹೋದೆ. ಕರಿಯನನ್ನು ಜಗಲಿಯಲ್ಲಿ ನಿಲ್ಲಿಸಿಕೊಂಡು ಅಮ್ಮನನ್ನು ಕೇಳಿದೆ, "ಎಲ್ಲಿ ಕೆರ್ಕೊಳ್ಳುತ್ತಮ್ಮ?" ಅಮ್ಮ ಹೇಳಿದರು, "ಎಲ್ಲಾ ಕಡೆ." ಹತ್ತರಲ್ಲಿ ಒಂಬತ್ತು ಜನ ಕೊಡುವ ಉತ್ತರ ಇದೇ. ಇದರಿಂದ ಏನೂ ತಿಳಿಯುವುದಿಲ್ಲ. ಹೊಟ್ಟು ಅನ್ನುವುದು ಒಂದು ರೋಗದ ಹೆಸರಲ್ಲ. ನಮಗೆ ಜ್ವರ ಬಂದ ಹಾಗೆ, ಒಳಗೆ ಏನೋ ಇದೆ ಅನ್ನುವುದರ ಗುರುತು. ಆ ಏನೋ ಯಾವುದು ಅನ್ನುವುದಕ್ಕೆ ಅರ್ಧ ಉತ್ತರ ನಾಯಿ ಕೆರೆದುಕೊಳ್ಳುವ ಜಾಗದಲ್ಲೇ ಇರುತ್ತದೆ. ಅದಕ್ಕೇ ಒಂದು ದಿನ ಕೂತು ನೋಡಿ.

ಕರಿಯನ ಜೊತೆ ಅರ್ಧ ಗಂಟೆ ಕೂತೆ. ಅದು ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ಬಾಲದ ಬುಡವನ್ನು ಮುಂದಿನ ಹಲ್ಲಿನಿಂದ ಕಡಿದುಕೊಳ್ಳುತ್ತಿತ್ತು, ಜೋಳದ ತೆನೆ ತಿನ್ನುವ ಹಾಗೆ. ಸೊಂಟ, ಬಾಲದ ಬುಡ, ತೊಡೆಯ ಹಿಂಭಾಗ ಅಂದರೆ ಮೊದಲ ಅನುಮಾನ ಚಿಗಟದ ಮೇಲೆ. ಅಮ್ಮ ಒಪ್ಪಲಿಲ್ಲ. "ಒಂದು ಚಿಗಟಾನೂ ಕಂಡಿಲ್ಲ ಕಣೋ." ಹೇನಿನ ಹಣಿಗೆ ತರಿಸಿದೆ. ಒಂದು ಬಿಳಿ ಕಾಗದ ಒದ್ದೆ ಮಾಡಿ ನೆಲದ ಮೇಲೆ ಹಾಸಿದೆ. ಬಾಲದ ಬುಡದಲ್ಲಿ ಹಣಿಗೆ ಎಳೆದು, ಬಂದ ಕಸವನ್ನು ಕಾಗದದ ಮೇಲೆ ಕೊಡವಿದೆ. ಬಿಳಿ ಹೊಟ್ಟಿನ ಜೊತೆ ಮೆಣಸಿನ ಪುಡಿಯಷ್ಟು ಸಣ್ಣ ಕಪ್ಪು ಚುಕ್ಕೆಗಳು. ಒಂದು ನಿಮಿಷದಲ್ಲಿ ಆ ಚುಕ್ಕೆಗಳ ಸುತ್ತ ಕಾಗದ ಕೆಂಪಗಾಯಿತು, ಇಟ್ಟಿಗೆ ಬಣ್ಣ. ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಕುಡಿದ ರಕ್ತವೇ ಹೀಗೆ ಹೊರಬಂದಿರುತ್ತದೆ. ಚಿಗಟ ಕಣ್ಣಿಗೆ ಬೀಳಲೇಬೇಕು ಅಂತ ಇಲ್ಲ. ಅದರ ಎಂಜಲು ಆಗದ ನಾಯಿಗೆ ಒಂದೆರಡು ಕಡಿತವೂ ಸಾಕು, ದಿನಗಟ್ಟಲೆ ಕೆರೆಯುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ನಾಯಿಗೆ ಔಷಧ ಹಾಕುತ್ತಾರೆ, ಮನೆಯನ್ನು ಬಿಡುತ್ತಾರೆ. ನೂರು ಚಿಗಟದಲ್ಲಿ ನಾಯಿಯ ಮೈಮೇಲಿರುವುದು ಐದೇ ಅಂದುಕೊಳ್ಳಿ. ಉಳಿದ ತೊಂಬತ್ತೈದು ಮೊಟ್ಟೆಯಾಗಿ, ಮರಿಹುಳುವಾಗಿ, ಗೂಡು ಕಟ್ಟಿಕೊಂಡು ಸೋಫಾ ಸಂದಿಯಲ್ಲಿ, ಕಾಲೊರಸಿನ ಕೆಳಗೆ ಇರುತ್ತವೆ. ಗೂಡಿನೊಳಗಿನ ಹುಳು ತಿಂಗಳುಗಟ್ಟಲೆ ಕಾಯಬಲ್ಲದು. ಕರಿಯ ಮಲಗುತ್ತಿದ್ದದ್ದು ಮೆಟ್ಟಿಲ ಕೆಳಗಿನ ಒಂದು ಹಳೆ ಗೋಣಿಚೀಲದ ಮೇಲೆ. ಆ ಚೀಲ ಒಗೆದು ಎಷ್ಟು ದಿನ ಆಯಿತು ಅಂತ ಕೇಳಿದೆ. ಅಮ್ಮ ಅಡುಗೆ ಮನೆಗೆ ಎದ್ದು ಹೋದರು.

ಚೀಲ ಸುಟ್ಟೆವು. ಹಾಸಿಗೆಗೆ ಹಳೆ ಬೆಡ್‌ಶೀಟ್ ಕೊಟ್ಟು, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದೆವು. ಸಂದಿಗೊಂದಿ ಗುಡಿಸಿದ ಕಸವನ್ನು ಆಗಲೇ ಮನೆಯಿಂದ ಹೊರಗೆ ಹಾಕಿದೆವು. ನಾಯಿಗೆ ತೂಕ ನೋಡಿ ಚಿಗಟದ ಮಾತ್ರೆ ಕೊಟ್ಟೆ. ಈಗ ತಿಂಗಳಿಗೊಂದು, ಮೂರು ತಿಂಗಳಿಗೊಂದು ಕೊಡುವ ಒಳ್ಳೆಯ ಮಾತ್ರೆಗಳಿವೆ. ಫಿಟ್ಸ್ ಬರುವ ನಾಯಿಯಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ದನದ ಉಣ್ಣೆಗೆ ಬಳಸುವ ಔಷಧವನ್ನು ಕಣ್ಣಳತೆಯಲ್ಲಿ ನೀರಿಗೆ ಬೆರೆಸಿ ನಾಯಿಗೆ ಸುರಿಯುವವರಿದ್ದಾರೆ. ಫಿನಾಯಿಲ್, ಸೀಮೆಎಣ್ಣೆ ಹಚ್ಚುವವರೂ ಇದ್ದಾರೆ. ಅಂಥ ನಾಯಿಗಳು ತುರಿಕೆಗೆ ಅಲ್ಲ, ಜೀವ ಉಳಿಸಿಕೊಳ್ಳುವುದಕ್ಕೆ ನಮ್ಮ ಹತ್ತಿರ ಬರುತ್ತವೆ. ದಯವಿಟ್ಟು ಬೇಡ.

ಈಗ ಬೇರೆ ಜಾಗ. ನಾಯಿ ಕಿವಿಯ ಅಂಚು, ಮೊಣಕೈ, ಹೊಟ್ಟೆಯನ್ನು ಬಿಡುವಿಲ್ಲದೆ ಕೆರೆಯುತ್ತಿದೆ, ಅಲ್ಲೆಲ್ಲ ಹೊಪ್ಪಳೆ ಕಟ್ಟಿದೆ ಅಂದರೆ ಕಜ್ಜಿ ಇರಬಹುದು. ಮನೆಯಲ್ಲೇ ನೋಡುವ ಒಂದು ಉಪಾಯ ಇದೆ. ಕಿವಿಯ ತುದಿಯನ್ನು ಮಡಚಿ ಬುಡಕ್ಕೆ ತಾಗಿಸಿ, ಎರಡು ಬೆರಳಲ್ಲಿ ಮೆಲ್ಲಗೆ ಉಜ್ಜಿ. ಆ ಕಡೆಯ ಹಿಂಗಾಲು ತಾನಾಗಿ ಗಾಳಿಯಲ್ಲಿ ಕೆರೆಯೋಕೆ ಶುರು ಮಾಡಿದರೆ ಅನುಮಾನ ಗಟ್ಟಿ. ಖಾತ್ರಿಯೇನಲ್ಲ, ಗಟ್ಟಿ ಅನುಮಾನ. ಅದೇ ಹೊತ್ತಿಗೆ ನಿಮ್ಮ ತೋಳಿನಲ್ಲೋ ಸೊಂಟದಲ್ಲೋ ಕೆಂಪು ಗುಳ್ಳೆ ಎದ್ದಿದ್ದರೆ ಅದನ್ನೂ ಹೇಳಿ, ಸಂಕೋಚ ಬೇಡ. ನಾಯಿಯ ಕಜ್ಜಿಹುಳು ಮನುಷ್ಯರ ಮೈಮೇಲೆ ಸಂಸಾರ ಹೂಡುವುದಿಲ್ಲ. ನಾಯಿಗೆ ವಾಸಿಯಾದರೆ ಸಾಮಾನ್ಯವಾಗಿ ನಿಮ್ಮದೂ ಹೋಗುತ್ತದೆ. ಗುಂಡಗೆ ಕೂದಲು ಉದುರಿ ಅಂಚಿನಲ್ಲಿ ಹೊಟ್ಟಿದ್ದರೆ ಹುಳುಕಡ್ಡಿ ಆಗಿರಬಹುದು. ಹೆಸರಿನಲ್ಲಿ ಮಾತ್ರ ಹುಳು. ಒಳಗಿರುವುದು ಬೂಸಿನ ಜಾತಿ. ಇದು ಮಕ್ಕಳಿಗೆ ಬೇಗ ಅಂಟುತ್ತದೆ. ಮರಿಯ ಕಣ್ಣಿನ ಸುತ್ತ, ಮುಂಗಾಲಿನ ಮೇಲೆ ಕೂದಲು ಬೋಳಾಗಿದೆ, ತುರಿಕೆ ಅಷ್ಟೇನಿಲ್ಲ ಅಂದರೆ ಅದು ಇನ್ನೊಂದು ಬಗೆಯ ಹುಳು. ನಮಗೆ ಅಂಟುವುದಿಲ್ಲ. ಇವನ್ನೆಲ್ಲ ವೈದ್ಯರು ಚರ್ಮ ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು. "ಕಜ್ಜಿಗೆ ಇಂಜೆಕ್ಷನ್ ಕೊಡಿ" ಅಂತ ಕೇಳಿ ಹಾಕಿಸಿಕೊಳ್ಳುವ ಐವರ್ಮೆಕ್ಟಿನ್ ಎಲ್ಲ ನಾಯಿಗೂ ಆಗುವುದಿಲ್ಲ. ಕೋಲಿ ಜಾತಿಯ ಎಷ್ಟೋ ನಾಯಿಗಳಿಗೆ ಅದು ಮೆದುಳಿಗೇ ಏರಿಬಿಡುತ್ತದೆ.

ಮಳೆಗಾಲಕ್ಕೆ ಬರೋಣ. ಕರಾವಳಿ, ಮಲೆನಾಡಿನವರು ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ. ಜೂನ್ ಕಳೆದ ಮೇಲೆ ಕೆಲವು ನಾಯಿಗಳ ಹೊಟ್ಟು ಪುಡಿಪುಡಿಯಾಗಿ ಇರುವುದಿಲ್ಲ, ಜಿಡ್ಡು ಜಿಡ್ಡಾಗಿರುತ್ತದೆ. ಕೈ ಹಾಕಿದರೆ ಅಂಟುತ್ತದೆ. ಅಂಗಾಲು ನೆಕ್ಕಿ ನೆಕ್ಕಿ ಬೆರಳಿನ ಸಂದಿಯ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಮೂಗು ಹತ್ತಿರ ಒಯ್ದರೆ ಹುಳಿ ಹೆಚ್ಚಾದ ಇಡ್ಲಿ ಹಿಟ್ಟಿನ ವಾಸನೆ. ಇದು ಯೀಸ್ಟ್, ಬೂಸಿನ ಜಾತಿಯದೇ. ಎಲ್ಲ ನಾಯಿಯ ಮೈಮೇಲೂ ಸ್ವಲ್ಪ ಇದ್ದೇ ಇರುತ್ತದೆ. ತೇವ ಸಿಕ್ಕಾಗ, ಚರ್ಮ ಸೋತಾಗ ಹೆಚ್ಚುತ್ತದೆ. ಇಂಥ ಮೈಗೆ ಎಣ್ಣೆ ಹಚ್ಚಬಾರದು. ಕೊಬ್ಬರಿ ಎಣ್ಣೆಯೂ ಬೇಡ, ಬೇವಿನೆಣ್ಣೆಯೂ ಬೇಡ. ವೈದ್ಯರು ಹೇಳುವ ಕ್ಲೋರ್‌ಹೆಕ್ಸಿಡಿನ್, ಕೀಟೋಕೊನಜೋಲ್ ಇರುವ ನಾಯಿ ಶಾಂಪೂ ಬೇಕು.

ಆ ಶಾಂಪೂ ಕೆಲಸ ಮಾಡಲಿಲ್ಲ ಅಂತ ಬರುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ಎಷ್ಟು ಹೊತ್ತು ಬಿಟ್ಟಿರಿ? "ಹಾಕಿದ್ವಿ, ತೊಳೆದ್ವಿ ಡಾಕ್ಟ್ರೇ." ಹಾಗೆ ಮಾಡಿದರೆ ದುಡ್ಡು ಬಚ್ಚಲಿಗೆ ಹೋದ ಹಾಗೆ. ನೊರೆ ಮೈಮೇಲೆ ಹತ್ತು ನಿಮಿಷ ಇರಬೇಕು. ಅಂದರೆ ಬಾನುಲಿಯಲ್ಲಿ ಎರಡು ಹಾಡು ಮುಗಿಯುವವರೆಗೆ. ಮೊದಲು ಒಣ ಮೈಗೆ ಬ್ರಷ್ ಹಾಕಿ ಸತ್ತ ಕೂದಲು ತೆಗೆಯಿರಿ. ಉಗುರು ಬೆಚ್ಚಗಿನ ನೀರು ಸಾಕು, ಬಿಸಿನೀರು ತುರಿಕೆ ಕೆರಳಿಸುತ್ತದೆ. ತುರಿಕೆ ಜಾಸ್ತಿ ಇರುವ ಜಾಗಕ್ಕೆ ಮೊದಲು ನೊರೆ ಹಚ್ಚಿ, ಅಲ್ಲಿಗೆ ಹೆಚ್ಚು ಹೊತ್ತು ಸಿಗಲಿ. ನೊರೆ ನೆಕ್ಕದ ಹಾಗೆ ಮಾತಾಡಿಸುತ್ತಾ ಹಿಡಿದುಕೊಂಡಿರಿ. ಆಮೇಲೆ ನೀರಿನಲ್ಲಿ ಜಿಪುಣತನ ಬೇಡ. ಉಳಿದ ಶಾಂಪೂವೇ ಇನ್ನೊಂದು ಹೊಟ್ಟಿಗೆ ದಾರಿ. ಬೆರಳಿನ ಸಂದಿ, ಕಂಕುಳು, ಪಗ್ ನಾಯಿಯಾದರೆ ಮುಖದ ಮಡಿಕೆ ಒರೆಸಿ ಒಣಗಿಸಿ. ಸಂಜೆ ಮಳೆಯಲ್ಲಿ ಸುತ್ತಾಡಿ ಬಂದ ಮೇಲೂ ಅಷ್ಟೇ, ನಾಲ್ಕೂ ಪಾದ ಒರೆಸಿ. ಔಷಧದ ಸ್ನಾನ ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ವೈದ್ಯರು ಹೇಳುತ್ತಾರೆ. ಏನೂ ತೊಂದರೆ ಇಲ್ಲದ ನಾಯಿಗೆ ತಿಂಗಳಿಗೊಂದು ಸ್ನಾನ ಧಾರಾಳ.

ಎರಡೇ ದಿನದಲ್ಲಿ ಫಲ ಕೇಳಬೇಡಿ. ನಾಯಿಯ ಹೊರಚರ್ಮ ಪೂರ್ತಿ ಹೊಸದಾಗುವುದಕ್ಕೆ ಸುಮಾರು ಮೂರು ವಾರ ಬೇಕು.

ಊಟದ ವಿಷಯ ಹೇಳದಿದ್ದರೆ ಅಮ್ಮನ ಕಥೆ ಪೂರ್ತಿ ಆಗುವುದಿಲ್ಲ. ಕರಿಯನಿಗೆ ಬೆಳಗ್ಗೆ ಹಾಲು ಅನ್ನ, ರಾತ್ರಿ ಮೊಸರನ್ನ. ನಮ್ಮಲ್ಲಿ ಸಾವಿರಾರು ನಾಯಿಗಳ ಊಟ ಇದೇ. ಹೊಟ್ಟೆ ತುಂಬುತ್ತದೆ, ಚರ್ಮಕ್ಕೆ ಸಾಕಾಗುವುದಿಲ್ಲ. ಕೂದಲು ಅಂದರೆ ಬಹುಪಾಲು ಪ್ರೋಟೀನ್. ತಿನ್ನುವ ಪ್ರೋಟೀನಿನಲ್ಲಿ ಕಾಲು ಭಾಗದಷ್ಟು ಚರ್ಮ ಮತ್ತು ಕೂದಲಿಗೇ ಹೋಗುತ್ತದೆ. ಬರೀ ಧಾನ್ಯದ ಊಟದಲ್ಲಿ ಸತು ಸರಿಯಾಗಿ ಮೈಗೆ ಹತ್ತುವುದಿಲ್ಲ. ಮರಿ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಸಿರಪ್ ಹುಯ್ಯುತ್ತೀರಲ್ಲ, ಅದು ಜಾಸ್ತಿಯಾದರೆ ಇದ್ದಬದ್ದ ಸತುವಿಗೂ ಅಡ್ಡಿ. ಬೇಯಿಸಿದ ಮೊಟ್ಟೆ, ಕೋಳಿ, ಮುಳ್ಳು ತೆಗೆದ ಮೀನು ಕೊಡಬಹುದು. ಹಸಿ ಮೊಟ್ಟೆ ಬೇಡ. ಅದರ ಬಿಳಿ ಭಾಗ ಚರ್ಮಕ್ಕೆ ಬೇಕಾದ ಬಯೋಟಿನ್ ಅನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಮೀನೆಣ್ಣೆ ಒಳ್ಳೆಯದು, ಅಳತೆ ಕೇಳಿಕೊಂಡು ಕೊಡಿ. ಫಲ ಕಾಣೋಕೆ ಆರೆಂಟು ವಾರ ಹಿಡಿಯುತ್ತದೆ. ಸಸ್ಯಾಹಾರಿ ಮನೆಯವರು ಮೊಟ್ಟೆಯೂ ಆಗುವುದಿಲ್ಲ ಅಂದರೆ, ನಾಯಿಗೆಂದೇ ಮಾಡಿದ ಸಸ್ಯಾಹಾರದ ಬಗ್ಗೆ ವೈದ್ಯರನ್ನು ಕೇಳಿ. ಅನ್ನ ಸಾರಿನಲ್ಲಿ ಅಂತೂ ಹೊಂದಿಸೋಕಾಗುವುದಿಲ್ಲ.

ಕೆಲವು ನಾಯಿಗಳದು ಅಲರ್ಜಿ. ಮನೆಯ ಧೂಳುಹುಳು, ಪರಾಗ, ಏನಾದರೂ ಆಗಬಹುದು. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಪಾದ, ಕಂಕುಳು, ಮುಖ, ಕಿವಿ. ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚು. ಇದು ಪೂರ್ತಿ ಹೋಗುವ ಕಾಯಿಲೆ ಅಲ್ಲ, ಹತೋಟಿಯಲ್ಲಿಟ್ಟುಕೊಂಡು ಬದುಕುವ ಕಾಯಿಲೆ. ಊಟದ ಅಲರ್ಜಿ ಅನುಮಾನ ಇದ್ದರೆ ಇದುವರೆಗೆ ತಿನ್ನದ ಒಂದು ಮಾಂಸವನ್ನು ಎಂಟು ವಾರ ಕೊಟ್ಟು ನೋಡಬೇಕು. ಬೇರೆ ಏನೂ ಕೊಡುವ ಹಾಗಿಲ್ಲ. ಒಂದು ಮನೆಯಲ್ಲಿ ಏಳನೇ ವಾರದಲ್ಲಿ ಗೊತ್ತಾಯಿತು, ತಾತ ದಿನಾ ಕಾಫಿ ಜೊತೆ ಅರ್ಧ ಬಿಸ್ಕತ್ತು ಕೊಡುತ್ತಿದ್ದರಂತೆ. "ಅರ್ಧ ತಾನೇ" ಅಂದರು. ಮತ್ತೆ ಒಂದನೇ ವಾರದಿಂದ ಶುರು.

ತುರಿಕೆ ನಿಲ್ಲಿಸುವ ಸ್ಟೀರಾಯ್ಡ್ ಮಾತ್ರೆ ಬಗ್ಗೆ ಎರಡು ಮಾತು. ಮಾಯದ ಹಾಗೆ ಕೆಲಸ ಮಾಡುತ್ತದೆ, ಅದೇ ತೊಂದರೆ. ಹಳೆ ಚೀಟಿ ತೋರಿಸಿ ಮತ್ತೆ ಮತ್ತೆ ಕೊಂಡುಕೊಳ್ಳುತ್ತಾರೆ. ನಾಯಿಗೆ ಬಾಯಾರಿಕೆ, ಹಸಿವು, ಮೂತ್ರ ಎಲ್ಲ ಜಾಸ್ತಿ. ಒಳಗೆ ಕಜ್ಜಿಹುಳುವೋ ಬೂಸೋ ಇದ್ದರೆ ಅದಕ್ಕೆ ಹಬ್ಬ. ಬಹಳ ದಿನ ಕೊಟ್ಟು ದಿಢೀರನೆ ನಿಲ್ಲಿಸಿದರೂ ಅಪಾಯ. ವಯಸ್ಸಾದ ನಾಯಿ ತುರಿಕೆಯೇ ಇಲ್ಲದೆ ಹೊಟ್ಟು ಉದುರಿಸುತ್ತಾ, ದಪ್ಪವಾಗುತ್ತಾ, ಸದಾ ಮಲಗಿಯೇ ಇದ್ದರೆ ಥೈರಾಯ್ಡ್ ನೋಡಿಸಿ.

ಕೊನೆಗೆ ಒಂದು ಕೋರಿಕೆ. ನಾಯಿಯನ್ನು ಆಸ್ಪತ್ರೆಗೆ ಕರೆತರುವ ಹಿಂದಿನ ದಿನ ಸ್ನಾನ ಮಾಡಿಸಬೇಡಿ. ವಧುಪರೀಕ್ಷೆಗೆ ಬಂದ ಹಾಗೆ ತಿಕ್ಕಿ ತೊಳೆದು, ಪೌಡರ್ ಹಾಕಿ ಕರೆತರುತ್ತಾರೆ. ಹೊಟ್ಟು ಇಲ್ಲ, ವಾಸನೆ ಇಲ್ಲ, ಹಿಕ್ಕೆ ಇಲ್ಲ. ನಾನು ಏನನ್ನು ನೋಡಲಿ? ಇದ್ದ ಹಾಗೇ ಕರೆತನ್ನಿ. ರಾತ್ರಿ ಕೆರೆದುಕೊಳ್ಳುವಾಗ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿಕೊಳ್ಳಿ. ಈಗಾಗಲೇ ಏನೇನು ಹಚ್ಚಿದ್ದೀರಿ ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಹೇಳಿ. ಕರ್ಪೂರದ ವಿಷಯ ಅಮ್ಮ ನನಗೂ ಮೊದಲು ಹೇಳಿರಲಿಲ್ಲ. ಕರಿಯನ ಮೈಯ ವಾಸನೆಯಿಂದ ಗೊತ್ತಾಯಿತು, ದೇವರ ಮನೆಗೆ ಹೋದ ಹಾಗಿತ್ತು.

ನಮಸ್ಕಾರ.