ಒಳಗೆ ಒಂದಿಂಚು ಬಟ್ಟೆ ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಕಲಬುರಗಿ, ಆಳಂದ, ಜೇವರ್ಗಿ, ಸೇಡಂ ಕಡೆ ಮನೆಯಲ್ಲೇ ಮಷೀನ್ ಇಟ್ಟುಕೊಂಡು ಹೊಲಿಯುವ ಅಕ್ಕ-ತಂಗಿಯರೇ, ಇವತ್ತಿನ ಮಾತು ನಿಮಗಾಗಿ. ಪರಿಸರಕ್ಕೆ ಒಳ್ಳೆಯದಾಗುವ ಬಟ್ಟೆ ಉದ್ಯಮದ ಬಗ್ಗೆ ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಹೇಳುವುದು ಒಂದೇ. ನೀವು ಹೊಲಿದ ಬಟ್ಟೆ ಜಾಸ್ತಿ ದಿನ ಬಾಳಬೇಕು. ನಿಮ್ಮ ಗಳಿಕೆಯೂ ಅದರಿಂದಲೇ ಬರಬೇಕು.

ಒಂದು ಹತ್ತಿ ಟೀ ಶರ್ಟ್ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಕೊಡ ಹಿಡಿದು ನಿಂತವರಿಗೆ ಅದು ಎಷ್ಟು ನೀರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಅಂಗಿಯನ್ನು ಇನ್ನೊಂದು ವರ್ಷ ಹಾಕಿಕೊಂಡರೆ ಹೊಸ ಅಂಗಿಯ ನೀರು ಉಳಿಯಿತು. ಇನ್ನು ಪಾಲಿಯೆಸ್ಟರ್ ಅಂದರೆ ಪ್ಲಾಸ್ಟಿಕ್ಕೇ. ತಿಪ್ಪೆಗೆ ಹಾಕಿದರೂ ಗೊಬ್ಬರವಾಗುವುದಿಲ್ಲ.

ಆಳಂದ ಕಡೆಯ ಒಬ್ಬ ತಂಗಿಯ ವಿಷಯ ಹೇಳುತ್ತೇನೆ. ಬ್ಲೌಸ್ ಹೊಲಿಯುತ್ತಿದ್ದಳು. ಮದುವೆ ಸೀಸನ್ನಿನಲ್ಲಿ ಊಟಕ್ಕೂ ಪುರುಸೊತ್ತಿಲ್ಲ, ಮಳೆಗಾಲದಲ್ಲಿ ಮಷೀನಿನ ಮೇಲೆ ಧೂಳು. ಸಾಲ ತೆಗೆದು ಸೊಲ್ಲಾಪುರದಿಂದ ರೆಡಿಮೇಡ್ ನೈಟಿ ತಂದು ಮಾರುತ್ತೇನೆ ಎಂದು ನನ್ನ ಹತ್ತಿರ ಬಂದಳು. ಮೊದಲು ನೀನು ಹೊಲಿದ ಒಂದು ಬ್ಲೌಸ್ ತೋರಿಸವ್ವ ಅಂದೆ. ತಿರುವಿ ನೋಡಿದರೆ ಒಳಗೆ ಮಾರ್ಜಿನ್ನೇ ಇಲ್ಲ, ಅಂದರೆ ಹೊಲಿಗೆಯ ಆಚೆ ಬಿಡುವ ಹೆಚ್ಚಿನ ಬಟ್ಟೆಯೇ ಇಲ್ಲ! ಅಂಚಿಗೇ ಹೊಲಿಗೆ. ಯಾಕೆ ಹೀಗೆ ಅಂದರೆ, ಬಿಗಿಯಾದರೆ ಹೊಸದು ಹೊಲಿಸುತ್ತಾರಲ್ಲ ಮೇಡಂ ಅಂದಳು. ಹೊಲಿಸುತ್ತಾರೆ, ಸರಿ. ಆದರೆ ಬೇರೆ ಟೇಲರ್ ಹತ್ತಿರ!

ಎರಡೂ ಬದಿ ಒಂದೊಂದು ಇಂಚು ಬಿಡು, ಸಾಲಾಗಿ ಮೂರು ಹೊಲಿಗೆ ಹಾಕು, ಬಿಗಿಯಾದಾಗ ಒಂದು ಬಿಚ್ಚಿದರೆ ಆಯ್ತು ಎಂದು ಹೇಳಿಕೊಟ್ಟೆ. ಬ್ಲೌಸ್ ಪೀಸೇ ಸಣ್ಣದಿದ್ದರೆ ಕಂಕುಳ ಕೆಳಗೆ ತುಂಡು ಜೋಡಿಸು ಅಂದೆ. ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲರ ಅಳತೆ, ತಾರೀಕು ಬರೆದಿಟ್ಟಳು. ಮೊದಲ ಸಲ ಬಿಚ್ಚಿಕೊಡುವುದು ಪುಕ್ಕಟೆ ಎಂದು ಬಾಗಿಲಲ್ಲೇ ಬರೆದು ಹಾಕಿದಳು. ಬಿಚ್ಚಿಸಲು ಬಂದವರು ಸೀರೆಗೆ ಫಾಲ್ ಹಾಕಲು ಕೊಟ್ಟರು. ಮಕ್ಕಳ ಯೂನಿಫಾರ್ಮಿನ ಅಂಚು ಇಳಿಸಲು ತಂದರು. ಜಿಪ್ಪು, ಕಾಜಾ, ಹರಿದ ಕಿಸೆ, ಎಲ್ಲ ಬಂತು. ಶಾಲೆ ಶುರುವಾಗುವುದು ಮಳೆಗಾಲದಲ್ಲೇ ಅಲ್ವಾ? ಖಾಲಿ ತಿಂಗಳುಗಳೇ ತುಂಬಿದವು. ನೈಟಿ ಮಾತು ಅವಳೇ ಬಿಟ್ಟಳು.

ಅವಳ ಅತ್ತೆಯದು ಇನ್ನೂ ಚೆಂದ. ಸೊಸೆ ಕತ್ತರಿಸಿದ ಚಿಂದಿಯನ್ನು ಎರಡು ಚೀಲ ಮಾಡಿದರು. ಒಂದರಲ್ಲಿ ಹತ್ತಿ, ಒಂದರಲ್ಲಿ ಪಾಲಿಯೆಸ್ಟರ್. ಹತ್ತಿಯದರಲ್ಲಿ ಕೂಸಿನ ಕೌದಿ, ಅಂದರೆ ತುಂಡು ಬಟ್ಟೆ ಜೋಡಿಸಿದ ಹೊದಿಕೆ, ಹೊಲಿದರು. ಬೆವರು ಹೀರುತ್ತದೆ, ಮೆತ್ತಗಿರುತ್ತದೆ. ಪಾಲಿಯೆಸ್ಟರಿನದರಲ್ಲಿ ಸಂತೆ ಚೀಲ. ಕೌದಿ ನಮ್ಮ ಅವ್ವಂದಿರ ವಿದ್ಯೆ. ಅದನ್ನು ಪೇಟೆಯ ಅಂಗಡಿಯವರು ದುಬಾರಿ ಬೆಲೆಗೆ ಮಾರುತ್ತಾರೆ, ನಾವು ಮಾತ್ರ ಅದು ಹಳೆ ಕಾಲದ್ದು ಎಂದು ಮಡಚಿ ಅಟ್ಟಕ್ಕೆ ಎಸೆಯುತ್ತೇವೆ. ನನಗೆ ಇದು ಸಹನೆಯಾಗುವುದಿಲ್ಲ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 2023ರಲ್ಲಿ ಕೇಂದ್ರ ಸರ್ಕಾರ ಏಳು ರಾಜ್ಯಗಳಿಗೆ ಪಿಎಂ ಮಿತ್ರ ಜವಳಿ ಪಾರ್ಕ್, ಅಂದರೆ ಬಟ್ಟೆ ಫ್ಯಾಕ್ಟರಿಗಳೆಲ್ಲ ಒಂದೇ ಕಡೆ ಬರುವ ಜಾಗ, ಘೋಷಿಸಿತು. ಕರ್ನಾಟಕದ್ದು ನಮ್ಮ ಕಲಬುರಗಿಗೆ. ದೊಡ್ಡ ಫ್ಯಾಕ್ಟರಿ ಬಂದರೆ ನಮ್ಮದು ಮುಗಿಯಿತು ಎಂದು ಹೆದರುವವರಿದ್ದಾರೆ. ಫ್ಯಾಕ್ಟರಿ ಸಾವಿರ ಅಂಗಿ ಹೊಲಿಯಬಹುದು, ನಿಮ್ಮ ಓಣಿಯ ಅಜ್ಜಿಯ ಕುಪ್ಪಸ ಸಡಿಲ ಮಾಡಿಕೊಡಲು ಬರುವುದಿಲ್ಲ. ಬಾಳಿಕೆ ಬರುವ ಹೊಲಿಗೆ, ರಿಪೇರಿ, ಇವು ನಿಮ್ಮ ಕೈಯಲ್ಲೇ ಇರುತ್ತವೆ.

ದುಡ್ಡಿನ ವಿಷಯ. ಕೈಕಸುಬಿನವರಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಟೇಲರ್‌ಗಳೂ ಸೇರಿದ್ದಾರೆ. ತರಬೇತಿ ಇದೆ, ಸಲಕರಣೆಗೆ 15,000 ರೂಪಾಯಿ ತನಕ ಇದೆ, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇಕಡಾ 5ರ ಬಡ್ಡಿಗೆ ಸಾಲ ಇದೆ. ಒಂದು ಮನೆಯಿಂದ ಒಬ್ಬರಿಗೆ ಮಾತ್ರ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ತೆಗೆದುಕೊಂಡು ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ. ಸಾಲ ಸಿಕ್ಕರೆ ರೆಡಿಮೇಡ್ ಸ್ಟಾಕಿಗೆ ಸುರಿಯಬೇಡಿ. ಬಟ್ಟೆಯ ಅಂಚಿನ ನೂಲು ಬಿಚ್ಚದಂತೆ ಹೊಲಿಯುವ ಒಂದು ಒಳ್ಳೆಯ ಓವರ್‌ಲಾಕ್ ಮಷೀನ್ ತಗೊಳ್ಳಿ. ನಮಸ್ಕಾರ.